ಒಬ್ಬರೇ ವಿಜಯಪುರಕ್ಕೆ: ಶನಿವಾರ ಹೋಗಿ ರವಿವಾರ ಬರುವವರಿಗೆ

ಬೆಳಗಾವಿ, ಬಾಗಲಕೋಟೆ, ಜಮಖಂಡಿ ಕಡೆಯ ಬಹಳ ಜನ ವಿಜಯಪುರವನ್ನು ನೋಡಿರುವುದು ಶಾಲೆಯ ಪ್ರವಾಸದಲ್ಲಿ, ಇಲ್ಲವೇ ಯಾರದೋ ಮದುವೆಗೆ ಹೋದಾಗ ನಡುವೆ ಸಿಕ್ಕ ಎರಡು ತಾಸಿನಲ್ಲಿ. ಗೋಳಗುಮ್ಮಟ ಹತ್ತಿ, ಎಲ್ಲರ ಜೊತೆ ತಾವೂ ಕೂಗಿ, ಯಾರ ಕೂಗು ಯಾವುದೆಂದು ತಿಳಿಯದೆ ಇಳಿದು ಬಂದಿರುತ್ತಾರೆ. ಆ ಗುಮ್ಮಟದ ಮರುದನಿಯ ನಿಜವಾದ ಶಕ್ತಿ ಗೊತ್ತಾಗುವುದು ಮೇಲಿನ ಸುತ್ತು ಗ್ಯಾಲರಿಯಲ್ಲಿ ಬೆರಳೆಣಿಕೆಯಷ್ಟು ಜನ ಇದ್ದಾಗ ಮಾತ್ರ. ಅಂಥ ಹೊತ್ತು ಸಿಗುವುದು ಮುಂಜಾನೆ ಬಾಗಿಲು ತೆರೆದ ಮೊದಲ ಒಂದು ತಾಸಿನಲ್ಲಿ. ಕುಟುಂಬ ಕಟ್ಟಿಕೊಂಡು ಹೋದವರಿಗೆ ಆ ಹೊತ್ತಿಗೆ ಅಲ್ಲಿ ಮುಟ್ಟುವುದು ಕಷ್ಟ. ಒಬ್ಬರೇ ಹೋದವರಿಗೆ ಸುಲಭ. ಈ ಲೇಖನದ ಇಡೀ ಯೋಜನೆ ನಿಂತಿರುವುದು ಆ ಒಂದು ತಾಸಿನ ಮೇಲೆ: ಶನಿವಾರ ಮಧ್ಯಾಹ್ನ ಊರು ಸೇರಿ, ಊರಿನ ಪಶ್ಚಿಮ ಭಾಗ ನೋಡಿ, ರಾತ್ರಿ ಅಲ್ಲೇ ಉಳಿದು, ರವಿವಾರ ನಸುಕಿನಲ್ಲಿ ಗುಮ್ಮಟ ಹತ್ತಿ, ಮಧ್ಯಾಹ್ನ ಊಟ ಮಾಡಿ ಬಸ್ ಹಿಡಿಯುವುದು.

ಯಾವ ವಾರ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚಲೋ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಲ್ಲಿ ನೋಡುವ ಜಾಗಗಳೆಲ್ಲ ಬಯಲಲ್ಲಿರುವ ಕಲ್ಲಿನ ಕಟ್ಟಡಗಳು; ಹನ್ನೊಂದರ ನಂತರ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೂ ಹೋಗಬಹುದು, ಈ ಭಾಗದಲ್ಲಿ ಮಳೆ ಕಡಿಮೆಯೇ.

ಎರಡು ಸಂಗತಿ ನೋಡಿಕೊಂಡು ವಾರ ಆರಿಸಿ. ಒಂದು, ಜನವರಿಯ ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಜಾತ್ರೆ ನೋಡಲೆಂದೇ ಹೋಗುವುದಾದರೆ ಬೇರೆ ಮಾತು, ಇಲ್ಲವಾದರೆ ಆ ವಾರ ಬಿಡಿ, ರೂಮು ಸಿಗುವುದಿಲ್ಲ. ಎರಡು, ಸ್ಪರ್ಧಾತ್ಮಕ ಪರೀಕ್ಷೆಗಳು ನಡೆಯುವ ರವಿವಾರಗಳು. ಪರೀಕ್ಷೆ ಬರೆಯುವವರು ಶನಿವಾರ ಸಂಜೆಯೇ ಬಂದು ಅಗ್ಗದ ಲಾಡ್ಜುಗಳನ್ನೆಲ್ಲ ತುಂಬಿಬಿಡುತ್ತಾರೆ. ಆ ವಾರ ದೊಡ್ಡ ಪರೀಕ್ಷೆ ಇದೆಯೇ ಎಂದು ಮೊದಲೇ ಪತ್ರಿಕೆಯಲ್ಲಿ ನೋಡಿಕೊಳ್ಳಿ. ನವೆಂಬರ್‌ನಿಂದ ಜನವರಿ ಶಾಲಾ ಪ್ರವಾಸಗಳ ಕಾಲವೂ ಹೌದು. ಆದರೆ ಮಕ್ಕಳ ಬಸ್ಸುಗಳು ಸಾಮಾನ್ಯವಾಗಿ ಎಂಟೂವರೆ, ಒಂಬತ್ತರ ಮೇಲೆಯೇ ಬರುವುದರಿಂದ ನಸುಕಿನಲ್ಲಿ ಹೋದವರಿಗೆ ತೊಂದರೆಯಿಲ್ಲ.

ಮುಟ್ಟುವ ದಾರಿ

ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್. ನೇರ ರೈಲು ಇಲ್ಲ, ಬಸ್ಸೇ ಗತಿ. ಯರಗಟ್ಟಿ, ಲೋಕಾಪುರ, ಮುಧೋಳ, ಜಮಖಂಡಿ ಮೇಲೆ ಹೋಗುವ ಬಸ್ಸುಗಳಿವೆ, ಅಥಣಿ, ತಿಕೋಟಾ ಮೇಲೆ ಹೋಗುವವೂ ಇವೆ. ಬೋರ್ಡಿನಲ್ಲಿ ವಿಜಯಪುರ ಎಂದಿದ್ದರೆ ಸಾಲದು, ಯಾವ ಮಾರ್ಗವೆಂದು ಕಂಡಕ್ಟರರನ್ನು ಕೇಳಿಯೇ ಹತ್ತಿ. ದಾರಿಯಲ್ಲಿ ತಾಲ್ಲೂಕಿಗೊಂದು ಸಲ ನಿಲ್ದಾಣದ ಒಳಗೆ ಹೋಗಿ ಬರುವ ಬಸ್ಸಾದರೆ ಐದು ತಾಸಿನ ದಾರಿ ಆರು ತಾಸಿಗೆ ಏರುತ್ತದೆ. ಮುಂಜಾನೆ ಆರರ ಸುಮಾರಿಗೆ ಹತ್ತಿದರೆ ಹನ್ನೊಂದೂವರೆ, ಹನ್ನೆರಡಕ್ಕೆ ಊರು ಮುಟ್ಟಬಹುದು. ಎಂಟು ಗಂಟೆಯ ನಂತರ ಹೊರಟರೆ ಶನಿವಾರದ ಅರ್ಧ ದಿನ ಕೈತಪ್ಪಿತು ಎಂದೇ ತಿಳಿಯಿರಿ.

ಬಾಗಲಕೋಟೆಯವರಿಗೆ ಎರಡು ದಾರಿ. ಬಸ್ಸಿನಲ್ಲಿ ಕೊಲ್ಹಾರದ ಮೇಲೆ, ಕೃಷ್ಣೆಯ ಉದ್ದನೆಯ ಸೇತುವೆ ದಾಟಿ, ಎರಡು ಎರಡೂವರೆ ತಾಸು. ಇಲ್ಲವೇ ಗದಗ–ಹೊಟಗಿ ಮಾರ್ಗದ ರೈಲು, ಆಲಮಟ್ಟಿ ಮೇಲೆ. ರೈಲಿಗೆ ಒಂದು ದೊಡ್ಡ ಅನುಕೂಲವಿದೆ: ವಿಜಯಪುರದ ರೈಲು ನಿಲ್ದಾಣ ಇರುವುದೇ ಗೋಳಗುಮ್ಮಟದ ಪಕ್ಕದಲ್ಲಿ, ಹತ್ತು ಹದಿನೈದು ನಿಮಿಷದ ನಡಿಗೆ. ಬಸ್ ನಿಲ್ದಾಣ ಅಲ್ಲಿಂದ ದೂರ. ರೈಲಿನ ಹೊತ್ತು ಬದಲಾಗುತ್ತಿರುತ್ತದೆ; ಹಿಂದಿನ ದಿನ 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಕರ್ನಾಟಕದ ನಿವಾಸಿ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದುಕೊಳ್ಳಿ. ಇಳಿಯುವವರೆಗೂ ಅದು ಕೈಯಲ್ಲಿರಬೇಕು, ತಪಾಸಣೆಯವರು ಕೇಳುವುದು ಅದನ್ನೇ.

ಬಸ್ಸಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ. ಮುಂಜಾನೆ ಉತ್ತರ–ಪೂರ್ವದ ಕಡೆ ಸಾಗುವಾಗ ಬಿಸಿಲು ಬಲಗಡೆಯಿಂದ ಬೀಳುತ್ತದೆ. ಮರಳಿ ಬರುವಾಗ ಸಂಜೆಯ ಬಿಸಿಲೂ ಬಲಗಡೆಗೇ.

ರೂಮು ಹಿಡಿಯುವುದು

ಉಳಿಯಲು ಗಾಂಧಿ ಚೌಕದಿಂದ ಸ್ಟೇಷನ್ ರಸ್ತೆಯವರೆಗಿನ ಭಾಗ ಸರಿ. ಬಸ್ ನಿಲ್ದಾಣದ ಎದುರಿನ ಲಾಡ್ಜುಗಳು ಅಗ್ಗವಾಗಿರಬಹುದು, ಆದರೆ ರಾತ್ರಿಯಿಡೀ ಹಾರ್ನ್ ಕೇಳುತ್ತದೆ, ನಸುಕಿನಲ್ಲಿ ಗುಮ್ಮಟಕ್ಕೆ ದೂರವೂ ಆಗುತ್ತದೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಆದಿಲ್‌ಶಾಹಿ ಹೋಟೆಲ್ ಕೂಡ ಊರಲ್ಲಿದೆ.

ಒಬ್ಬರೇ ಬಂದವರಿಗೆ ಕೆಲವು ಲಾಡ್ಜಿನವರು ರೂಮು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹೆಣ್ಣುಮಕ್ಕಳಾದರೆ ಇನ್ನೂ ಹೆಚ್ಚು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬಾಗಿಲಿನಿಂದ ಬಾಗಿಲಿಗೆ ಅಲೆಯುವುದಕ್ಕಿಂತ ಗುರುವಾರವೇ ಫೋನ್ ಮಾಡಿ ಬಿಚ್ಚಿ ಕೇಳಿ: "ನಾ ಒಬ್ಬಾಕಿನ ಬರಾಕತ್ತೀನ್ರಿ, ಶನಿವಾರ ಒಂದ ರಾತ್ರಿ ಇರತೀನಿ, ರೂಮ್ ಕೊಡ್ತೀರೇನ್ರಿ? ಚೆಕ್‌ಔಟ್ ಎಷ್ಟಕ್ಕ?" ಉತ್ತರ ತಡವರಿಸಿ ಬಂದರೆ ಆ ಲಾಡ್ಜ್ ಬೇಡ. ಚೆಕ್‌ಔಟ್ ಪ್ರಶ್ನೆ ಸುಮ್ಮನೆ ಕೇಳುವಂಥದ್ದಲ್ಲ: ಕೆಲವು ಕಡೆ ನೀವು ಬಂದ ಹೊತ್ತಿನಿಂದ 24 ತಾಸು ಲೆಕ್ಕ, ಕೆಲವು ಕಡೆ ಮುಂಜಾನೆಯೇ ಖಾಲಿ ಮಾಡಬೇಕು. ಮುಂಜಾನೆಯೇ ಆದರೆ ಗುಮ್ಮಟಕ್ಕೆ ಹೋಗುವ ಮೊದಲೇ ಬ್ಯಾಗ್ ಕಟ್ಟಿ ಕೌಂಟರ್‌ನಲ್ಲಿ ಇಟ್ಟು ಹೋಗಬೇಕಾಗುತ್ತದೆ. "ಬ್ಯಾಗ್ ಇಲ್ಲೇ ಇಡ್ತೀನ್ರಿ, ಹನ್ನೆರಡಕ್ಕ ಬಂದ ಒಯ್ತೀನಿ" ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಹಣ, ಗುರುತಿನ ಚೀಟಿ ಮಾತ್ರ ಅದರಲ್ಲಿ ಬಿಡಬೇಡಿ.

ರೂಮು ತೋರಿಸಿದಾಗ ಹಣ ಕೊಡುವ ಮೊದಲು ನಾಲ್ಕು ನಿಮಿಷ ನೋಡಿ. ಒಳಗಿನ ಚಿಲಕ ಪೂರ್ತಿ ಕೂಡುತ್ತದೆಯೇ, ಬಚ್ಚಲಿನ ಕಿಟಕಿಗೆ ಸರಳು ಇದೆಯೇ, ಹಾಸಿಗೆ ಪಕ್ಕದ ಸಾಕೆಟ್‌ನಲ್ಲಿ ಕರೆಂಟು ಬರುತ್ತದೆಯೇ, ನಳದಲ್ಲಿ ನೀರು ಬರುತ್ತದೆಯೇ. ನೆಲಮಹಡಿಯ ರಸ್ತೆ ಬದಿ ರೂಮು ಬೇಡ, ಮೊದಲ ಮಹಡಿ ಕೇಳಿ. ಬಿಸಿನೀರು ಎಷ್ಟು ಹೊತ್ತಿಗೆ ಎಂಬುದನ್ನೂ ಕೇಳಲೇಬೇಕು. ಬಹಳ ಕಡೆ ಆರರಿಂದ ಒಂಬತ್ತರವರೆಗೆ ಬಿಡುತ್ತಾರೆ, ಆ ಹೊತ್ತಿಗೆ ನೀವು ಗುಮ್ಮಟದಲ್ಲಿರಬೇಕು. ರಾತ್ರಿಯೇ ಸ್ನಾನ ಮುಗಿಸಿ, ಇಲ್ಲವೇ ಐದಕ್ಕೆ ಒಂದು ಬಕೆಟ್ ಬೇಕೆಂದು ರೂಮ್ ಬಾಯ್‌ಗೆ ಹೇಳಿಡಿ.

ಗುರುತಿನ ಚೀಟಿಯ ಜೆರಾಕ್ಸ್ ಎರಡು ಒಯ್ಯಿರಿ. ಮೂಲ ಚೀಟಿಯನ್ನು ಕೌಂಟರ್‌ನಲ್ಲಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಲಾಡ್ಜಿನ ಹೆಸರು, ರೂಮ್ ನಂಬರ್ ಮನೆಯ ಒಬ್ಬರಿಗೆ ಕಳಿಸಿ. ತುರ್ತಿಗೆ 112.

ಬ್ಯಾಗಿನಲ್ಲಿ ಏನಿರಬೇಕು

ಒಬ್ಬರೇ ಹೋದಾಗ ಬ್ಯಾಗ್ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ, ಎಲ್ಲಿ ಹೋದರೂ ಅದು ನಿಮ್ಮ ಬೆನ್ನ ಮೇಲೇ. ಏಳು ಅಂತಸ್ತಿನ ಇಕ್ಕಟ್ಟಿನ ಮೆಟ್ಟಿಲು ಹತ್ತುವಾಗ ಐದು ಕಿಲೋ ಮೀರಿದರೆ ಮೂರನೇ ಅಂತಸ್ತಿಗೇ ಭಾರ ತಿಳಿಯುತ್ತದೆ. ಒಂದು ಜೊತೆ ಬಟ್ಟೆ, ಟವೆಲ್, ಒಂದು ಲೀಟರ್ ನೀರಿನ ಬಾಟಲಿ, ಟೊಪ್ಪಿಗೆ, ಚಾರ್ಜರ್, ಪವರ್ ಬ್ಯಾಂಕ್, ಸಣ್ಣ ಬ್ಯಾಟರಿ (ಟಾರ್ಚು), ಇಷ್ಟು ಸಾಕು. ಜೊತೆಗೆ ಎರಡು ಜೊತೆ ದಪ್ಪ ಕಾಲುಚೀಲ: ಪಾದರಕ್ಷೆ ಬಿಡಬೇಕಾದ ಕಡೆ ಕಾದ ಕಲ್ಲಿನ ಮೇಲೆ ನಡೆಯಲು ಇವೇ ಕಾಯುವವು. ಲೇಸ್ ಕಟ್ಟುವ ಬೂಟಿಗಿಂತ ಬೇಗ ಬಿಚ್ಚುವ ಚಪ್ಪಲಿ ಅನುಕೂಲ. ಮಸೀದಿಗೂ ಹೋಗುವುದಿರುವುದರಿಂದ ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿ, ತಲೆಗೆ ಒಂದು ದುಪಟ್ಟಾ ಅಥವಾ ಕರವಸ್ತ್ರ ಇರಲಿ.

ಐನೂರು ರೂಪಾಯಿಯಷ್ಟನ್ನು ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಇಟ್ಟುಕೊಳ್ಳಿ. ಫೋನ್‌ನಿಂದ ಹಣ ಕಳಿಸುವುದು ಎಲ್ಲ ಕಡೆ ನಡೆಯುತ್ತದೆ ನಿಜ, ಆದರೆ ಇಡೀ ದಿನ ಫೋಟೋ ತೆಗೆದು ಸಂಜೆಗೆ ಫೋನ್ ಸತ್ತರೆ ಆಟೋದವರಿಗೆ ಕೊಡಲು ಕೈಯಲ್ಲಿ ಏನಾದರೂ ಇರಬೇಕಲ್ಲ.

ಶನಿವಾರ: ಊರಿನ ಪಶ್ಚಿಮ ಭಾಗ

ನಕ್ಷೆಯನ್ನು ಹೀಗೆ ತಲೆಯಲ್ಲಿಟ್ಟುಕೊಳ್ಳಿ: ಪೂರ್ವದ ತುದಿಗೆ ರೈಲು ನಿಲ್ದಾಣ ಮತ್ತು ಗೋಳಗುಮ್ಮಟ, ಪಶ್ಚಿಮದ ತುದಿಗೆ ಇಬ್ರಾಹಿಂ ರೋಜಾ, ನಡುವೆ ಗಾಂಧಿ ಚೌಕ, ಬಾರಾ ಕಮಾನ್, ಹಳೆಯ ಕೋಟೆಯೊಳಗಿನ ಅರಮನೆಗಳು, ಬಸ್ ನಿಲ್ದಾಣ. ತುದಿಯಿಂದ ತುದಿಗೆ ನಾಲ್ಕೈದು ಕಿಲೋಮೀಟರ್. ಪಶ್ಚಿಮದ್ದನ್ನು ಸಂಜೆ, ಪೂರ್ವದ್ದನ್ನು ಮುಂಜಾನೆ ನೋಡಿ. ಹಿಂದುಮುಂದು ಮಾಡಿದರೆ ಬೆಳಕೂ ತಪ್ಪುತ್ತದೆ, ಆಟೋ ಖರ್ಚೂ ದುಪ್ಪಟ್ಟಾಗುತ್ತದೆ.

ಊಟ ಮುಗಿಸಿ, ಒಂದು ತಾಸು ಮಲಗಿ, ಎರಡೂವರೆಗೆ ಹೊರಡಿ. ಆಟೋದವರು "ಎಲ್ಲಾ ತೋರಸ್ತೀನಿ ಬರ್ರಿ" ಎಂದು ಕರೆಯುತ್ತಾರೆ. ಇಡೀ ಊರಿನ ಲೆಕ್ಕಕ್ಕೆ ಒಪ್ಪಿದರೆ ಪ್ರತಿ ಜಾಗದಲ್ಲೂ ಹತ್ತು ನಿಮಿಷಕ್ಕೆ ಅವಸರ ಶುರುವಾಗುತ್ತದೆ. ಅವರ ದುಡಿಮೆಯ ಹೊತ್ತು ಅದು, ತಪ್ಪು ಅವರದಲ್ಲ. ಒಂದೊಂದೇ ಜಾಗಕ್ಕೆ ಆಟೋ ಹಿಡಿಯಿರಿ. ನಿಲ್ಲಿಸಿಕೊಳ್ಳುವುದಾದರೆ ಮೊದಲೇ ಮಾತಾಡಿ: "ತಾಜ್ ಬಾವಡಿ, ಆಮ್ಯಾಲ ಇಬ್ರಾಹಿಂ ರೋಜಾ. ಕಾಯೂದೂ ಹಿಡದ ಎಷ್ಟ ಆಗತೈತ್ರಿ ಅಣ್ಣಾರ?" ಟಾಂಗಾ ಹತ್ತುವ ಆಸೆಯಿದ್ದರೆ ಸಂಜೆ ತಂಪಿನಲ್ಲಿ ಹತ್ತಿ, ಮಧ್ಯಾಹ್ನದ ಬಿಸಿಲಲ್ಲಿ ಕುದುರೆಯನ್ನು ಓಡಿಸಬಾರದು.

ತಾಜ್ ಬಾವಡಿಗೆ ಇಪ್ಪತ್ತು ನಿಮಿಷ ಸಾಕು. 1620ರಲ್ಲಿ ಕಟ್ಟಿದ ಚೌಕಾಕಾರದ ದೊಡ್ಡ ಬಾವಿ, ಎದುರಿಗೆ ಎತ್ತರದ ಕಮಾನು. ನೀರಿನ ಅಂಚಿಗೆ ಇಳಿಯಬೇಡಿ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿದರೆ ಕೈ ಹಿಡಿಯಲು ಜೊತೆಗಾರರಿಲ್ಲ.

ಇಬ್ರಾಹಿಂ ರೋಜಾಕ್ಕೆ ಒಂದೂವರೆ ತಾಸು ಇಡಿ, ಕಡಿಮೆ ಮಾಡಬೇಡಿ. ವಿಜಯಪುರವನ್ನು ಆಳಿದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾಳಿಗೆಂದು ಕಟ್ಟಿಸಲು ತೊಡಗಿದ, 1627ರಲ್ಲಿ ತೀರಿಕೊಂಡ ಮೇಲೆ ಅವನೂ ಇಲ್ಲೇ ಮಣ್ಣಾದ. ಕಟ್ಟಿದವನು ಮಲಿಕ್ ಸಂದಲ್. ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಹೊಂಡ. ಗಾತ್ರದಲ್ಲಿ ಗೋಳಗುಮ್ಮಟಕ್ಕೆ ಹತ್ತಿರ ಬರಲಾರದು, ಕೆತ್ತನೆಯಲ್ಲಿ ಗೋಳಗುಮ್ಮಟ ಇದರ ಹತ್ತಿರ ಬರಲಾರದು. ಹೊರಗಿನಿಂದ ಫೋಟೋ ತೆಗೆದು ಹೊರಟುಬಿಡುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಗೋರಿಯ ಸುತ್ತಲಿನ ಮೊಗಸಾಲೆಯಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ, ಗೋಡೆ ತುಂಬ ಅಕ್ಷರ ಮತ್ತು ಬಳ್ಳಿಗಳ ಕೆತ್ತನೆ. ಕಿಟಕಿಯ ಜಾಲರಿಗಳಲ್ಲಿ ಕೆಲವನ್ನು ಅರಬಿ ಅಕ್ಷರಗಳ ಆಕಾರದಲ್ಲೇ ಕಲ್ಲು ಕೊರೆದು ಮಾಡಲಾಗಿದೆ. ಹೊರಗಿನಿಂದ ಅವು ಬರೀ ತೂತುಗಳಂತೆ ಕಾಣುತ್ತವೆ. ಒಳಗೆ ನಿಂತು, ಬೆಳಕಿನ ಎದುರು ನೋಡಿದರೆ ಅಕ್ಷರ ಎದ್ದು ಬರುತ್ತದೆ. ಸೂರ್ಯ ಪಶ್ಚಿಮಕ್ಕೆ ಇಳಿದಾಗಲೇ ಬರಬೇಕು ಎನ್ನುವುದು ಇದಕ್ಕಾಗಿಯೇ. ನಾಲ್ಕು ಗಂಟೆಯ ಬೆಳಕು ಸರಿಯಾದದ್ದು. ಆಮೇಲೆ ಗೋರಿ ಕೋಣೆಯ ಛಾವಣಿ ನೋಡಿ. ಹೊರಗೆ ಗುಮ್ಮಟ ಕಂಡರೂ ಒಳಗೆ ತಲೆಯ ಮೇಲಿರುವುದು ಚಪ್ಪಟೆ ಕಲ್ಲಿನ ಹಾಸು, ಅಂಚಿಗೆ ಕಂಬವಿಲ್ಲ, ತೊಲೆಯಿಲ್ಲ.

ಇಲ್ಲಿಂದ ಮಲಿಕ್-ಎ-ಮೈದಾನ್. ಶೇರ್ಜಾ ಬುರುಜಿನ ಮೇಲಿರುವ ಈ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಉದ್ದ ನಾಲ್ಕು ಮೀಟರ್‌ಗೂ ಹೆಚ್ಚು, ತೂಕ 55 ಟನ್. ಬಾಯಿಯ ಕಡೆ ಬಗ್ಗಿ ನೋಡಿ, ಬಾಯ್ತೆರೆದ ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಮಾರಾಟ ರದ್ದಾಯಿತು, ಊರಿನ ಭಾಗ್ಯ.

ಕೊನೆಗೆ ಉಪ್ಪಲಿ ಬುರುಜು, ಅಲ್ಲೇ ಕೂಗಳತೆಯಲ್ಲಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, 24 ಮೀಟರ್ ಎತ್ತರದ ದುಂಡು ಗೋಪುರ. ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಏರುತ್ತವೆ. ಹತ್ತುವಾಗ ಗೋಡೆಯ ಕಡೆಗೇ ಇರಿ, ಫೋನ್ ಜೇಬಿನಲ್ಲಿರಲಿ. ಸೆಲ್ಫಿ ಮೇಲೆ ಮುಟ್ಟಿದ ಮೇಲೆ. ಎರಡು ಉದ್ದನೆಯ ತೋಪು, ಸುತ್ತ ಇಡೀ ಊರು, ಪೂರ್ವಕ್ಕೆ ನಾಳೆ ಹತ್ತಬೇಕಾದ ಗುಮ್ಮಟ. ಡಿಸೆಂಬರ್‌ನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತದೆ, ಹೀಗಾಗಿ ಐದೂವರೆಯೊಳಗೆ ಮೇಲಿರಬೇಕು. ಬೇಸಿಗೆಯಲ್ಲಿ ಸೂರ್ಯಾಸ್ತಕ್ಕೆ ಕಾಯಬೇಡಿ, ಅಷ್ಟರೊಳಗೆ ಕೆಳಗಿನ ಗೇಟು ಹಾಕುವ ಹೊತ್ತು ಬಂದಿರುತ್ತದೆ.

ಊಟದ ಮಾತು

ಒಬ್ಬರೇ ಊಟಕ್ಕೆ ಕೂಡಲು ಸಂಕೋಚಪಡುವವರಿಗೆ ಖಾನಾವಳಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಅಲ್ಲಿ ಟೇಬಲ್ಲು ಯಾರದೂ ಅಲ್ಲ. ಎಲ್ಲಿ ಜಾಗ ಇದೆಯೋ ಅಲ್ಲಿ ಕೂಡಿಸುತ್ತಾರೆ, ಪಕ್ಕದವರು ಹಿಂಡಿಯ ಬಟ್ಟಲು ನಿಮ್ಮ ಕಡೆ ಸರಿಸುತ್ತಾರೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ಈ ಜಿಲ್ಲೆಯ ಬಿಳಿ ಜೋಳದ ರೊಟ್ಟಿ ಮೆತ್ತಗೆ, ಸ್ವಲ್ಪ ಸಿಹಿ. ಝುಣಕ ಇದೆಯೇ ಎಂದು ಕೇಳಿ, ಪುಂಡಿ ಪಲ್ಯ ಇದ್ದರೆ ಬಿಡಲೇಬೇಡಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋದರೆ ರೊಟ್ಟಿ ಬಿಸಿಯಾಗಿ ಬರುತ್ತದೆ. ಎರಡೂವರೆಗೆ ಹೋದವರಿಗೆ ಸಿಗುವುದು ಖಡಕ್ ರೊಟ್ಟಿ ಮತ್ತು ತಳದ ಪಲ್ಯ.

ಹಿಂಡಿಯ ಖಾರ ರೂಢಿಯಿಲ್ಲದವರು ಮೊಸರಿನ ಜೊತೆ ಕಲಸಿಕೊಳ್ಳಿ. ನಾಳೆ ನಸುಕಿನಲ್ಲಿ ಮೆಟ್ಟಿಲು ಹತ್ತುವ ಕೆಲಸವಿದೆ, ರಾತ್ರಿ ಹೊಟ್ಟೆ ಹಗುರವಾಗಿರಲಿ. ಸಂಜೆ ಗಾಂಧಿ ಚೌಕದ ಸುತ್ತ ಗಿರ್ಮಿಟ್, ಮಿರ್ಚಿ ಭಜಿ ತಿಂದರೆ ರಾತ್ರಿಗೆ ಎರಡು ರೊಟ್ಟಿಯೇ ಸಾಕಾಗುತ್ತದೆ.

ಮಲಗುವ ಮೊದಲು ಎರಡು ಕೆಲಸ. ಒಂದು, ಮುಂಜಾನೆಗೆ ಆಟೋ ಹೇಳಿಡುವುದು. ಸಂಜೆ ತಂದುಬಿಟ್ಟ ಆಟೋದವರು ನಂಬಿಗಸ್ತರೆನಿಸಿದರೆ ಅವರಿಗೇ, ಇಲ್ಲವಾದರೆ ಲಾಡ್ಜಿನ ಕೌಂಟರ್‌ನಲ್ಲಿ ಹೇಳಿ ಗೊತ್ತಿದ್ದವರನ್ನು ಕರೆಸಿ. ಇನ್ನೊಂದು, ಗೋಳಗುಮ್ಮಟದ ಟಿಕೆಟನ್ನು ಪುರಾತತ್ವ ಇಲಾಖೆಯ ಆನ್‌ಲೈನ್ ಬುಕಿಂಗ್‌ನಲ್ಲಿ ತೆಗೆಯುವುದು. ಭಾರತೀಯರಿಗೆ ಕೌಂಟರ್‌ನಲ್ಲಿ 25 ರೂಪಾಯಿ, ಆನ್‌ಲೈನ್ ಆದರೆ 20. ಇಬ್ರಾಹಿಂ ರೋಜಾಕ್ಕೂ ಅಷ್ಟೇ. ಐದು ರೂಪಾಯಿಯ ಉಳಿತಾಯಕ್ಕಿಂತ ಮುಖ್ಯವಾದದ್ದು ನಸುಕಿನಲ್ಲಿ ಕೌಂಟರ್ ಎದುರು ಕಳೆಯುವ ಹತ್ತು ನಿಮಿಷ ಉಳಿಯುವುದು.

ರವಿವಾರ ನಸುಕು: ಗೋಳಗುಮ್ಮಟ

ಗೇಟು ತೆರೆಯುವುದು ಆರಕ್ಕೆ. ಬೇಸಿಗೆಯಲ್ಲಿ ಆರಕ್ಕೇ ಅಲ್ಲಿರಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ, ಗೋಪುರದ ಮೆಟ್ಟಿಲು ಕತ್ತಲಾಗಿರುತ್ತವೆ; ಆರೂವರೆಗೆ ಹೋಗಿ, ಬ್ಯಾಟರಿ ಕೈಯಲ್ಲಿರಲಿ. ಚಹಾ ಕುಡಿದು ಹೋಗಿ, ತಿಂಡಿ ಆಮೇಲೆ.

ಒಳಗೆ ಹೋದವರೇ ಕೆಳಗಿನ ಹಜಾರದಲ್ಲಿ ನಿಲ್ಲಬೇಡಿ, ನೇರ ಮೇಲೆ ಹತ್ತಿ. ಕೆಳಗಿನದು ಎಂಟು ಗಂಟೆಗೂ ಹಾಗೇ ಇರುತ್ತದೆ, ಮೇಲಿನ ಮೌನ ಇರುವುದಿಲ್ಲ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿವೆ, ಮೆಟ್ಟಿಲು ಅವುಗಳೊಳಗೆ. ಮೆಟ್ಟಿಲು ಎತ್ತರ, ದಾರಿ ಇಕ್ಕಟ್ಟು. ಎರಡು ಅಂತಸ್ತಿಗೊಮ್ಮೆ ಕಿಂಡಿಯ ಬಳಿ ನಿಂತು ಉಸಿರು ತೆಗೆದುಕೊಳ್ಳಿ. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಓರೆಯಾಗಿ ಕಾಲಿಟ್ಟು, ಗೋಡೆ ಹಿಡಿದು ಬನ್ನಿ. ಮೇಲೆ ಮುಟ್ಟಿದಾಗ ಮೊದಲು ಸಿಗುವುದು ಬಯಲು ಮಾಳಿಗೆ, ಅಲ್ಲಿಂದ ಸಣ್ಣ ಬಾಗಿಲುಗಳಲ್ಲಿ ಗುಮ್ಮಟದೊಳಗಿನ ಗ್ಯಾಲರಿಗೆ ದಾರಿ. ಗ್ಯಾಲರಿ ಮೂರು ಮೀಟರ್‌ಗಿಂತ ಅಗಲವಿದೆ, ಅಂಚಿನ ಕಟ್ಟೆಗೆ ಒರಗಿ ಕೆಳಗೆ ಬಗ್ಗಬೇಡಿ.

ಈಗ ಒಬ್ಬರೇ ಇರುವವರ ಮುಖ್ಯ ಪ್ರಶ್ನೆ: ಈಚೆ ಪಿಸುಗುಟ್ಟಿದರೆ ಆಚೆ ಕೇಳುವವರು ಯಾರು? ಜೊತೆ ಇಲ್ಲದೆಯೂ ಮಾಡಬಹುದಾದ ಪರೀಕ್ಷೆಗಳಿವೆ.

ಮೊದಲನೆಯದು ಚಪ್ಪಾಳೆ. ಗೋಡೆಯಿಂದ ಒಂದು ಹೆಜ್ಜೆ ಮುಂದೆ ನಿಂತು, ಒಂದೇ ಒಂದು ಸಲ, ಗಟ್ಟಿಯಾಗಿ ತಟ್ಟಿ ಸುಮ್ಮನಾಗಿ. ಮರುದನಿ ಒಂದರ ಹಿಂದೊಂದು ಬರುತ್ತದೆ, ಏಳಕ್ಕೂ ಮೀರಿ ಎಣಿಸಬಹುದು. ಜೋರು ಕೂಗಿದರೆ ಎಣಿಕೆ ಸಿಗುವುದಿಲ್ಲ, ಯಾಕೆಂದರೆ ಕೂಗು ಉದ್ದ. ಕೂಗು ಮುಗಿಯುವ ಮೊದಲೇ ಅದರ ಮೊದಲ ಮರುದನಿ ಬಂದು ಕೂಡಿಕೊಳ್ಳುತ್ತದೆ. ದನಿ ಮೊಟಕಾದಷ್ಟೂ ಮರುದನಿ ಬಿಡಿಬಿಡಿ. ಹತ್ತು ಮಕ್ಕಳು ಒಟ್ಟಿಗೆ ಕೂಗಿದಾಗ ಬರೀ ಗದ್ದಲ ಕೇಳುವುದೂ ಇದೇ ಕಾರಣಕ್ಕೆ.

ಎರಡನೆಯದು ಕಾಗದ. ಹಳೆಯ ಬಸ್ ಟಿಕೆಟ್ ಒಂದನ್ನು ಕಿವಿಯ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಹರಿಯಿರಿ. ಬೆರಳ ನಡುವಿನ ಆ ಸಣ್ಣ ಸಪ್ಪಳ ಎಲ್ಲಿಂದಲೋ ತಿರುಗಿ ಬರುತ್ತದೆ. ಚೂರುಗಳನ್ನು ಜೇಬಿಗೆ ಹಾಕಿಕೊಳ್ಳಿ.

ಮೂರನೆಯದಕ್ಕೆ ಇನ್ನೊಬ್ಬರು ಬೇಕು, ಆದರೆ ಪರಿಚಿತರೇ ಬೇಕೆಂದಿಲ್ಲ. ಆ ಹೊತ್ತಿಗೆ ಮುಂಜಾನೆಯ ನಡಿಗೆಗೆ ಬಂದ ಊರಿನವರು, ಕಾವಲಿನವರು ಯಾರಾದರೂ ಇರುತ್ತಾರೆ. "ಕಾಕಾ, ಆ ಕಡೆ ಗ್ವಾಡಿಗೆ ಕಿವಿ ಹಚ್ಚಿ ನಿಂದರ್ತೀರೇನ್ರಿ?" ಎಂದು ಕೇಳಿದರೆ ಖುಷಿಯಿಂದ ನಿಲ್ಲುತ್ತಾರೆ. ಅವರು ನೇರ ಎದುರು ಬದಿಗೆ, ಸುಮಾರು 38 ಮೀಟರ್ ದೂರದಲ್ಲಿರಬೇಕು. ನೀವು ಅವರ ಕಡೆ ಮುಖ ಮಾಡಿ ಮಾತಾಡಿದರೆ ಕೆಲಸ ಕೆಡುತ್ತದೆ. ಕೆನ್ನೆ ಗೋಡೆಗೆ ಹತ್ತಿರವಿಟ್ಟು, ಬಾಯಿ ಗೋಡೆಯ ಉದ್ದಕ್ಕೆ ತಿರುಗಿಸಿ, ಗಂಟಲ ದನಿಯಿಲ್ಲದೆ ಬರೀ ಉಸಿರಲ್ಲಿ ನುಡಿಯಿರಿ. ಪಿಸುಮಾತು ನಡುವಿನ ಬಯಲನ್ನು ಹಾರಿ ಹೋಗುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡೇ ಹರಿದು ಆಚೆ ಮುಟ್ಟುತ್ತದೆ. ತೋರಿಸಿಕೊಟ್ಟವರು ಕಾವಲಿನವರಾಗಿದ್ದು ಚಹಾಕ್ಕೆ ಕೇಳಿದರೆ ಇಪ್ಪತ್ತು ಮೂವತ್ತು ರೂಪಾಯಿ ಕೊಡಿ.

ಹೊರಗಿನ ಮಾಳಿಗೆಯಲ್ಲಿ ಒಂದು ಸುತ್ತು ಹಾಕಿ. ಗುಮ್ಮಟದ ಹೊರ ಅಡ್ಡಳತೆ 44 ಮೀಟರ್ ಎಂಬುದು ಪುಸ್ತಕದಲ್ಲಿ ಓದಿದಾಗ ತಿಳಿಯುವುದಿಲ್ಲ, ಅದರ ಬುಡದಲ್ಲಿ ನಡೆದಾಗ ತಿಳಿಯುತ್ತದೆ. ಮುಂಜಾನೆಯ ಫೋಟೋಕ್ಕೆ ಸೂರ್ಯನಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ, ಊರಿನ ಕಡೆ ನಿಲ್ಲಿ. ಟ್ರೈಪಾಡ್‌ಗೆ ಇಲಾಖೆಯ ಅನುಮತಿ ಬೇಕು, ಕೈಯಲ್ಲೇ ತೆಗೆಯುವುದು ಲೇಸು.

ಎಂಟರ ಹೊತ್ತಿಗೆ ಇಳಿಯಿರಿ. ಈಗ ಕೆಳಗಿನ ಹಜಾರ. ಪ್ರತಿ ಬದಿ 41 ಮೀಟರ್, ನಡುವೆ ಒಂದೂ ಕಂಬವಿಲ್ಲ. ಇಷ್ಟು ದೊಡ್ಡ ದುಂಡು ಗುಮ್ಮಟವನ್ನು ಚೌಕ ಕೋಣೆಯ ಮೇಲೆ ಕೂಡಿಸಿದ್ದು ಹೇಗೆ ಎಂಬುದಕ್ಕೆ ಉತ್ತರ ಕಾಣುವುದು ಇಲ್ಲಿಂದಲೇ, ಗ್ಯಾಲರಿಯಿಂದಲ್ಲ. ಕೋಣೆಯ ಒಂದು ಮೂಲೆಗೆ ಸರಿದು ಎದುರಿನ ಮೂಲೆಯ ಮೇಲ್ಭಾಗ ನೋಡಿ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಏರುತ್ತವೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟ ಹಾಗೆ ನಕ್ಷತ್ರದ ಆಕಾರ ಮೂಡುತ್ತದೆ, ಅದರ ಒಳಗಿನ ಎಂಟು ಮೂಲೆಯ ಬಾಯಿಯೇ ಗುಮ್ಮಟಕ್ಕೆ ಪೀಠ. ಗೋಡೆ ಒಳಮುಖವಾಗಿ ಚಾಚಿಕೊಂಡದ್ದರಿಂದಲೇ ಮೇಲೆ ಅಷ್ಟು ಅಗಲದ ಗ್ಯಾಲರಿಗೆ ಜಾಗ ಸಿಕ್ಕಿದೆ. ದಾಬೋಳದ ಯಾಕೂತ್ ಎಂಬ ಶಿಲ್ಪಿಯ ಲೆಕ್ಕಾಚಾರ ಇದು. ಇದನ್ನು ಕಟ್ಟಿಸಿದ ಸುಲ್ತಾನ ಮಹಮ್ಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡಾಗ ಇಲ್ಲೇ ಹೂಳಿದರು. ನಡುವಿನ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿವೆ.

ಎದುರಿನ ನಗಾರಖಾನೆಯಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಅದು ತೆರೆಯುವುದು ತಡವಾಗಿ, ಹತ್ತರ ಸುಮಾರಿಗೆ. ಶಾಸನ, ಆಯುಧ, ಹಸ್ತಪ್ರತಿ, ಚೀನೀ ಪಿಂಗಾಣಿ ಇವುಗಳಲ್ಲಿ ಆಸಕ್ತಿಯಿದ್ದವರು ಜಾಮಿಯಾ ಮಸೀದಿ ಮುಗಿಸಿ ಮರಳಿ ಬನ್ನಿ, ಇನ್ನೊಮ್ಮೆ ಟಿಕೆಟ್ ತೆಗೆಯಬೇಕಾದರೂ ದಂಡವಲ್ಲ. ಆಸಕ್ತಿಯಿಲ್ಲದವರು ಅದಕ್ಕಾಗಿ ಎರಡು ತಾಸು ಕಾಯುವುದು ಬೇಡ.

ಮಿಕ್ಕ ಮುಂಜಾನೆ

ತಿಂಡಿ ಮುಗಿಸಿ ಒಂಬತ್ತಕ್ಕೆ ಜಾಮಿಯಾ ಮಸೀದಿ. ಮೊದಲನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ಶುರುವಾಗಿ ಪೂರ್ತಿಯಾಗದೆ ಉಳಿದ ಕಟ್ಟಡ. ನೆಲದ ಮೇಲೆ ನಮಾಜು ಮಾಡುವ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಗುರುತಿಸಲಾಗಿದೆ. ಪಶ್ಚಿಮ ಗೋಡೆಯಲ್ಲಿ ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡಿನ, ಅಂದರೆ ಮಿಹ್ರಾಬಿನ ಮೇಲೆ ಬಂಗಾರದ ಬಣ್ಣದ ಬರಹವಿದೆ. ಇದು ಇಂದಿಗೂ ನಮಾಜು ನಡೆಯುವ ಮಸೀದಿ: ತಲೆ ಮುಚ್ಚಿಕೊಳ್ಳಿ, ಪ್ರಾರ್ಥನೆ ಮಾಡುವವರ ಎದುರು ಹಾಯಬೇಡಿ, ಫೋಟೋಕ್ಕೆ ಕೇಳಿ.

ಅಲ್ಲಿಂದ ಕೋಟೆಯ ಕಡೆ ನಡೆದುಕೊಂಡೇ ಹೋಗಬಹುದು. ದಾರಿಯಲ್ಲಿ ಮೆಹ್ತರ್ ಮಹಲಿನ ಬಾಲ್ಕನಿಯ ಕಲ್ಲಿನ ಕೆತ್ತನೆಗೆ ಐದು ನಿಮಿಷ. ಆಸಾರ್ ಮಹಲ್‌ನ ಒಳಗೆ ಮಹಿಳೆಯರಿಗೆ ಪ್ರವೇಶವಿಲ್ಲ, ಹೊರಗಿನ ಮರದ ಎತ್ತರದ ಕಂಬಗಳು ಮತ್ತು ಎದುರಿನ ಹೊಂಡ ಎಲ್ಲರಿಗೂ ಕಾಣುತ್ತವೆ. ಗಗನ ಮಹಲ್‌ನ ದೊಡ್ಡ ಕಮಾನಿನ ಕೆಳಗೆ ಸ್ವಲ್ಪ ಹೊತ್ತು ಕೂಡಿ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದದ್ದು ಇಲ್ಲಿ. ಕೊನೆಯದು ಬಾರಾ ಕಮಾನ್, ಎರಡನೇ ಅಲಿ ಆದಿಲ್‌ಶಾಹನ ಮುಗಿಯದ ಗೋರಿ. ಹನ್ನೊಂದೂವರೆ ಹೊತ್ತಿಗೆ ಇಲ್ಲಿದ್ದರೆ ನಿಮ್ಮ ಸರದಿ ಸರಿಯಾಗಿ ಸಾಗಿದೆ.

ಉಳಿದ ಅರ್ಧ ದಿನಕ್ಕೆ ಆಲಮಟ್ಟಿ, ಬಸವನ ಬಾಗೇವಾಡಿ, ಕೂಡಲಸಂಗಮ ಸೇರಿಸುವ ಆಸೆ ಬೇಡ. ಬಸ್ ಬದಲಿಸುತ್ತಾ ಹೋಗಿ ಬರುವುದರಲ್ಲೇ ಸಂಜೆಯಾಗುತ್ತದೆ, ಒಬ್ಬರೇ ಕತ್ತಲಲ್ಲಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಪಾಳಿ ಬರುತ್ತದೆ. ಅವುಗಳಿಗೆ ಬೇರೊಂದು ವಾರ ಇಡಿ.

ಒಣದ್ರಾಕ್ಷಿ ಮತ್ತು ಮರಳುವ ಬಸ್ಸು

ಮನೆಗೆ ಒಯ್ಯಲು ಒಣದ್ರಾಕ್ಷಿ. ಈ ಜಿಲ್ಲೆಯಲ್ಲಿ, ತಿಕೋಟಾ ಕಡೆ ಮುಖ್ಯವಾಗಿ, ದ್ರಾಕ್ಷಿಯನ್ನು ನೆರಳಿನ ಶೆಡ್ಡುಗಳಲ್ಲಿ ಜಾಲರಿಯ ಮೇಲೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ. ಕೊಳ್ಳುವಾಗ ಒಂದು ಹಿಡಿ ಅಂಗೈಯಲ್ಲಿ ಹಿಡಿದು ಒತ್ತಿ: ಬಿಟ್ಟ ಕೂಡಲೇ ಬಿಡಿಯಾಗಬೇಕು, ಮುದ್ದೆ ಕಟ್ಟಿದರೆ ತೇವ ಉಳಿದಿದೆ, ಮನೆಯಲ್ಲಿ ಹುಳಿ ವಾಸನೆ ಬರುತ್ತದೆ. ಹೊಳೆಯುವ ಹಳದಿ ಬಣ್ಣ ಗಂಧಕದ ಹೊಗೆಯದು. ತಿನ್ನಲು ಹಸಿರು ಅಥವಾ ಕಂದು ಬಣ್ಣದ್ದೇ ಆರಿಸಿ, ತೊಳೆದು ತಿನ್ನಿ. ಇದೇ ಜಿಲ್ಲೆಯ ಇಂಡಿ ಊರಿನ ಲಿಂಬೆ ಕಂಡರೆ ಅರ್ಧ ಡಜನ್ ಹಾಕಿಕೊಳ್ಳಿ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು.

ಬೆಳಗಾವಿಯವರು ಮಧ್ಯಾಹ್ನ ಒಂದರೊಳಗಿನ ಬಸ್ ಹಿಡಿಯಬೇಕು. ರವಿವಾರ ಮೂರರ ನಂತರ ಕಾಲೇಜು, ನೌಕರಿಗೆ ಮರಳುವವರ ನೂಕುನುಗ್ಗಲು ಶುರುವಾಗುತ್ತದೆ; ಐದು ತಾಸು ನಿಂತು ಬರುವುದು ಆಗದ ಮಾತು. ಮುಂಗಡ ಸೀಟು ಕೊಡುವ ಬಸ್ಸಿದ್ದರೆ ಹೋಗುವ ಮೊದಲೇ ಕಾಯ್ದಿರಿಸಿ. ಬಾಗಲಕೋಟೆಯವರಿಗೆ ನಾಲ್ಕರವರೆಗೂ ಪುರಸೊತ್ತಿದೆ. ಕೊಲ್ಹಾರದಲ್ಲಿ ಬಸ್ ನಿಂತಾಗ ಗಡಿಗೆಯ ಗಟ್ಟಿ ಮೊಸರು ಮಾರಲು ಬಂದರೆ ಕೊಳ್ಳಿ. ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲೆ ನೆಟ್ಟಗೆ ಹಿಡಿದು ಒಯ್ಯಿರಿ. ಸೀಟಿನ ಕೆಳಗಿಟ್ಟರೆ ರಸ್ತೆಯ ಮೊದಲ ಉಬ್ಬಿಗೇ ಒಡೆಯುತ್ತದೆ. ರಾತ್ರಿ ಊಟಕ್ಕೇ ಮುಗಿಸಿ, ಮರುದಿನಕ್ಕೆ ಹುಳಿಯಾಗುತ್ತದೆ.